ಕೊನೆ ನುಡಿಗೆ ಬಿದ್ದ ಕತ್ತರಿ

ಮಸ್ಕಿಯಲ್ಲಿ ನನ್ನದು ಮೈಕ್‌ಸೆಟ್ ಅಂಗಡಿ. ಲಿಂಗಸುಗೂರು, ಸಿಂಧನೂರು ಕಡೆಯ ಮದುವೆ, ಜಾತ್ರೆ, ಗಣಪತಿ ಮೆರವಣಿಗೆಗೆಲ್ಲ ಬಾಕ್ಸ್ ಕಟ್ಟಿದವನು ನಾನು. ‘ಅಣ್ಣಾ, ಚಂದನ್ ಶೆಟ್ಟಿದು ಹಚ್ಚು’ ಅಂತ ಹುಡುಗರು ಬರುತ್ತಾರೆ. ಹಾಡು ಬರೆದವನ ಹೆಸರು ಹಿಡಿದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಈಗ ರ‍್ಯಾಪರ್ ಅಂತ ಹೆಸರಾದ ಇದೇ ಚಂದನ್ 2012ರಲ್ಲಿ ಅರ್ಜುನ್ ಜನ್ಯ ಅವರ ಕೈಕೆಳಗೆ ದುಡಿಯುತ್ತ ‘ಅಲೆಮಾರಿ’ ಸಿನಿಮಾಕ್ಕೆ ಹಾಡು ಬರೆದಾಗ ನಮ್ಮ ಕಡೆ ಯಾರಿಗೂ ಅವರ ಗುರುತಿರಲಿಲ್ಲ. ತಾವು ಬರೆದ ಸಾಲಿಗೆ ತಮ್ಮದೇ ದನಿ, ತಮ್ಮದೇ ಮುಖ ಕೊಟ್ಟ ಮೇಲೆ ಹೆಸರು ಬಂತು. ‘3 ಪೆಗ್’ ಇಲ್ಲಿಯ ಓಣಿ ಓಣಿಯಲ್ಲಿ ಕುಣಿಸಿತು. ಮುಂದೆ 2018ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದರು.

ಪದ ಕಟ್ಟುವವನು ಹಾಡಲು ನಿಂತರೆ ‘ಇವನಿಗ್ಯಾಕೆ ಬೇಕಿತ್ತು’ ಅನ್ನುವವರು ನಮ್ಮಲ್ಲಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ನಮ್ಮ ರಾಯಚೂರು ಜಿಲ್ಲೆಯ ಹರಿದಾಸರು ಮಾಡಿದ್ದೇನು? ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು, ಕಸಬಾ ಲಿಂಗಸುಗೂರಿನ ಪ್ರಾಣೇಶದಾಸರು ತಾವೇ ಕಟ್ಟಿ ತಾವೇ ಹಾಡಿದರು. ಕೊನೆ ನುಡಿಯಲ್ಲಿ ತಮ್ಮ ಗುರುತಿನ ಹೆಸರು, ಅಂದರೆ ಅಂಕಿತ ಇಟ್ಟರು. ಅಂಕಿತ ಇದ್ದುದಕ್ಕೇ ಯಾವ ಪದ ಯಾರದು ಅಂತ ಇವತ್ತಿಗೂ ಹೇಳಬಹುದು. ಈಗ ಜಾನಪದ ಹಾಡು ಕಟ್ಟುವ ಹುಡುಗರೂ ಕೊನೆ ನುಡಿಯಲ್ಲಿ ತಮ್ಮ ಹೆಸರು, ಊರು, ಒಮ್ಮೊಮ್ಮೆ ಗೆಳೆಯರ ಹೆಸರನ್ನೂ ಸೇರಿಸುತ್ತಾರೆ. ಗೆಳೆಯರು ಹೆಚ್ಚಾದರೆ ತಾಳ ಎಡವುತ್ತದೆ, ಆ ಮಾತು ಬೇರೆ.

ಡಿಜೆ ಬಂದ ಮೇಲೆ ಆ ಕೊನೆ ನುಡಿಗೇ ಕತ್ತರಿ ಬಿತ್ತು. ನನ್ನ ಪೆನ್‌ಡ್ರೈವ್‌ನಲ್ಲಿರುವ ರಿಮಿಕ್ಸ್ ಹಾಕಿ ನೋಡಿ: ಪಲ್ಲವಿ, ಒಂದು ನುಡಿ, ಮತ್ತೆ ಪಲ್ಲವಿ, ನಡುವೆಲ್ಲ ಬೀಟ್. ಬರೆದವನ ಹೆಸರು ಬರಬೇಕಾದಲ್ಲಿ ಡಿಜೆಯವನ ಹೆಸರು ಕೂಗುತ್ತದೆ. ಪೊಲೀಸರು ಹತ್ತು ಗಂಟೆಗೆ ಬಂದ್ ಮಾಡಿಸುವ ಹೊತ್ತಿಗೆ ಪೂರ್ತಿ ಹಾಡು ಒಂದೂ ಕೇಳಿಸಿರುವುದಿಲ್ಲ.

ಹಾಗಂತ ಕಾನೂನು ಇಲ್ಲವೆಂದಲ್ಲ. 2012ರಲ್ಲೇ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿದೆ. ರಾಯಲ್ಟಿಯಲ್ಲಿ ಹಾಡು ಬರೆದವನಿಗೆ ಸಿಗಬೇಕಾದ ಪಾಲನ್ನು ಕಂಪನಿಯವರು ಬರೆಸಿಕೊಳ್ಳುವಂತಿಲ್ಲ. ಅದನ್ನು ವಾರಸುದಾರರಿಗೆ ಇಲ್ಲವೇ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಕೊಡಬಹುದು. ಮುಂಬೈಯ ಐಪಿಆರ್‌ಎಸ್ ಅಂಥದೊಂದು ಸಂಘ. ಅಲ್ಲಿ ಸದಸ್ಯನಾಗಿ ಹಾಡುಗಳ ವಿವರ ದಾಖಲಿಸಬೇಕು. ನಮ್ಮ ಹುಡುಗರೋ, ಕೈಗೆ ಬಂದಷ್ಟು ರೊಕ್ಕ ಎಣಿಸಿಕೊಂಡು ಬಸ್ಸು ಹತ್ತುತ್ತಾರೆ.

ಇನ್ನೊಂದು ಮಾತೂ ಇದೆ. ಹಾಡಿದ ಮಾತ್ರಕ್ಕೆ ಎಲ್ಲವೂ ಹಾಡಿದವನದಾಗುವುದಿಲ್ಲ. 2020ರಲ್ಲಿ ಚಂದನ್ ಮಲೆ ಮಾದಪ್ಪನ ಪರಂಪರೆಯ ‘ಕೋಲುಮಂಡೆ’ ಪದವನ್ನು ಎತ್ತಿಕೊಂಡರು. ವಿಡಿಯೊದಲ್ಲಿ ಮಾದಪ್ಪನ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಸಿಟ್ಟಾದರು. ಚಂದನ್ ಕ್ಷಮೆ ಕೇಳಿದರು, ವಿಡಿಯೊ ಯೂಟ್ಯೂಬಿನಿಂದ ಇಳಿಯಿತು. ತನ್ನ ಸಾಲಿನ ಮೇಲೆ ಎಷ್ಟು ಹಕ್ಕಿದೆಯೋ, ಊರ ಪದದ ಮೇಲೆ ಅಷ್ಟೇ ಅಂಜಿಕೆಯೂ ಇರಬೇಕು. ಮುದಗಲ್ ಮೊಹರಂನ ರಿವಾಯತ್ ಪದಕ್ಕೆ ಬೀಟ್ ಕೂಡಿಸಲು ಹೊರಟವರಿಗೂ ಇದೇ ಮಾತು.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಪದ ಕಟ್ಟುವ ತಮ್ಮಂದಿರೇ, ನೀವೇ ಹಾಡಿ, ಧೈರ್ಯವಾಗಿ ಹಾಡಿ. ಆದರೆ ಸ್ಟುಡಿಯೊದಲ್ಲಿ ಮೈಕ್ ಮುಂದೆ ನಿಲ್ಲುವ ಮೊದಲು ಕರಾರು ಕಾಗದ ಕೇಳಿ, ಅದರಲ್ಲಿ ‘ಸಾಹಿತ್ಯ’ದ ಮುಂದೆ ಯಾರ ಹೆಸರಿದೆ ಓದಿ. ಕಾಗದವೇ ಇಲ್ಲ ಅಂದರೆ ದನಿ ಕೊಡಬೇಡಿ.