ಕೆಡವಿದ ಬೂಟು ಕಾರ್ಖಾನೆಯ ನೆನಪು

ಇಂಗ್ಲೆಂಡಿನ ನಾರ್ತಾಂಪ್ಟನ್ ಬೂಟಿಗೆ ಹೆಸರಾದ ಊರು. ಅಲ್ಲಿನ ಕ್ಯಾಂಪ್‌ಬೆಲ್ ಚೌಕದಲ್ಲಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ, 1857ರ ಸುಮಾರಿಗೆ, ಮ್ಯಾನ್‌ಫೀಲ್ಡ್ ಕಂಪೆನಿಯ ಅರಮನೆಯಂಥ ಕಾರ್ಖಾನೆ ಎದ್ದಾಗ ಊರಿನ ಕೆಲಸಗಾರರು ಬೆಚ್ಚಿಬಿದ್ದರು. ಅವರು ಮನೆಯಲ್ಲೇ ಹೆಂಡತಿ ಮಕ್ಕಳೊಡನೆ ಕುಳಿತು ಬೂಟು ಹೊಲಿಯುತ್ತಿದ್ದವರು. ಹೊಲಿಗೆ ಯಂತ್ರ ಬಂದರೆ ಧಣಿಯ ಸೂರಿನಡಿ, ಧಣಿಯ ಗಡಿಯಾರಕ್ಕೆ ದುಡಿಯಬೇಕಾದೀತೆಂದು ಮುಷ್ಕರ ಹೂಡಿದರು, ಸೋತರು. ಮುಂದೆ ಕಾರ್ಖಾನೆಗಳೇ ಆ ಊರಿನ ಅನ್ನವಾದವು. 1982ರಲ್ಲಿ ಮ್ಯಾನ್‌ಫೀಲ್ಡ್ ಕಟ್ಟಡವನ್ನು ಕೆಡವಲಾಯಿತು.

ಮುಂಬಯಿಯ ಗಿರಣಿ ಮುಷ್ಕರ ಆರಂಭವಾದುದೂ ಅದೇ 1982ರ ಜನವರಿಯಲ್ಲಿ. ಪರೇಲ್, ಲಾಲ್‌ಬಾಗ್‌ಗಳ ಅದೆಷ್ಟೋ ಗಿರಣಿಗಳ ಜಾಗದಲ್ಲಿ ಇಂದು ಮಾಲ್‌ಗಳು, ಗಗನಚುಂಬಿಗಳು. ಇಂಗ್ಲೆಂಡಿನವರು ತಡವಾಗಿಯಾದರೂ ಎಚ್ಚೆತ್ತರು. ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನಾರ್ತಾಂಪ್ಟನ್ ಸೀಮೆಯ ಬೂಟು ಕಾರ್ಖಾನೆಗಳ ಸಮೀಕ್ಷೆ ನಡೆಸಿ 2004ರಲ್ಲಿ ಪುಸ್ತಕ ತಂದಿತು.

ಇಲ್ಲಿನ ಕನ್ನಡ ಸಂಘಗಳಿಗೆ ಅಷ್ಟು ಶಕ್ತಿ ಇರಲಿಕ್ಕಿಲ್ಲ. ಆದರೆ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗಳಿವೆಯಲ್ಲ! ಜಾಹೀರಾತುಗಳ ನಡುವೆ ನಾಲ್ಕು ಪುಟಗಳನ್ನಾದರೂ ಗಿರಣಿಯಲ್ಲಿ ದುಡಿದ, ಗಿರಣಿ ಗೇಟಿನೆದುರು ಹೋಟೆಲು ನಡೆಸಿದ ಹಿರಿಯರ ಮಾತಿಗೆ ಮೀಸಲಿಡಲಿ. ಮುಷ್ಕರದ ವರ್ಷ ನಲವತ್ತರ ಹರೆಯದಲ್ಲಿದ್ದವರು ಈಗ ಎಂಬತ್ತು ದಾಟಿದ್ದಾರೆ. ಈ ವರ್ಷದ ಸಂಚಿಕೆಯಿಂದಲೇ ಆರಂಭಿಸುವುದೊಳಿತು.