ಗೂಗಲಿಗಾಗಿ ಬರೆಯುವ ಕನ್ನಡ, ಗಿರಾಕಿಗಾಗಿ ಬರೆಯುವ ಕನ್ನಡ



2021ರ ಜೂನ್ ತಿಂಗಳ ಆ ಗಲಾಟೆ ನಿಮಗೆ ನೆನಪಿರಬೇಕು. ಭಾರತದಲ್ಲಿ ಅತ್ಯಂತ ಕುರೂಪಿ ಭಾಷೆ ಯಾವುದು ಎಂದು ಯಾರೋ ಇಂಗ್ಲಿಷಿನಲ್ಲಿ ಗೂಗಲನ್ನು ಕೇಳಿದರು. ಅದು ಪುಟದ ನೆತ್ತಿಯ ಮೇಲೆ ಚೌಕಟ್ಟು ಹಾಕಿ 'ಕನ್ನಡ' ಎಂದುಬಿಟ್ಟಿತು! ಆಗ ಶಾಲೆ ಫೋನಿನಲ್ಲೇ ನಡೆಯುತ್ತಿದ್ದ ಕಾಲ. ನಮ್ಮ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಹೋಮ್‌ವರ್ಕಿಗಿಂತ ಆ ಚಿತ್ರವೇ ಹೆಚ್ಚು ಓಡಾಡಿತು. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಕಾನೂನು ನೋಟಿಸು ಕೊಡುತ್ತೇವೆ ಎಂದರು. ಜೂನ್ 3ರಂದು ಗೂಗಲ್ ಕ್ಷಮೆ ಕೇಳಿತು, ಉತ್ತರವನ್ನು ತೆಗೆಯಿತು. ಗಲಾಟೆ ಅಲ್ಲಿಗೆ ಮುಗಿಯಿತು.

ಆದರೆ ಒಂದು ಪ್ರಶ್ನೆಯನ್ನು ಆಗ ಕೇಳಿದವರು ಕಡಿಮೆ. ಆ ಉತ್ತರ ಬರೆದವರು ಯಾರು? ಗೂಗಲ್ ಅದನ್ನು ತಾನೇ ಬರೆದಿರಲಿಲ್ಲ. ಬೇರೆ ಯಾವುದೋ ಜಾಲತಾಣದಿಂದ ಎತ್ತಿ ತೋರಿಸಿತ್ತು. ಆ ತಾಣ ಭಾಷಾಶಾಸ್ತ್ರದ್ದೂ ಅಲ್ಲ, ಸಾಹಿತ್ಯದ್ದೂ ಅಲ್ಲ. ಹೆಸರು ನೋಡಿದರೆ ಸಾಲ ತೀರಿಸುವ ವ್ಯವಹಾರದ್ದು! ಸಾಲಕ್ಕೂ ಕನ್ನಡಕ್ಕೂ ಏನು ಸಂಬಂಧ? ಏನೂ ಇಲ್ಲ. ಜನ ಗೂಗಲಿನಲ್ಲಿ ಏನೇನು ಕೇಳಬಹುದೋ ಆ ಪ್ರಶ್ನೆಗಳನ್ನೆಲ್ಲ ಗುಡ್ಡೆ ಹಾಕಿ, ಪ್ರತಿಯೊಂದಕ್ಕೂ ಎರಡು ಸಾಲಿನ ಉತ್ತರ ಗೀಚಿಟ್ಟರೆ, ಹುಡುಕಿದವರಲ್ಲಿ ನಾಲ್ಕು ಜನ ತಾಣಕ್ಕೆ ಬಂದಾರು, ಬಂದವರಿಗೆ ಜಾಹೀರಾತು ಕಂಡೀತು ಎಂಬ ಲೆಕ್ಕಾಚಾರದಲ್ಲಿ ಅಂತರ್ಜಾಲದ ಎಷ್ಟೋ ಪುಟಗಳು ಹುಟ್ಟುತ್ತವೆ. ಅಂಥ ಪ್ರಶ್ನೆಯನ್ನು ಬುದ್ಧಿ ನೆಟ್ಟಗಿದ್ದ ಯಾರೂ ಬರೆಯುವುದಿಲ್ಲ. ಹಾಗಾಗಿ ಆ ಮಾತುಗಳಿಗೆ ಸರಿಯಾಗಿ ಹೊಂದುವ ಪುಟ ಅದೊಂದೇ ಇತ್ತೋ ಏನೋ, ಯಂತ್ರ ಅದನ್ನೇ ಎತ್ತಿಕೊಂಡಿತು. ತರಗತಿಯಲ್ಲಿ ಪ್ರಶ್ನೆ ಕೇಳಿದಾಗ ಒಬ್ಬನೇ ಕೈ ಎತ್ತಿದರೆ ಅವನನ್ನೇ ಎಬ್ಬಿಸಬೇಕಾಗುತ್ತದಲ್ಲ, ಹಾಗೆ.

ಇದನ್ನೆಲ್ಲ ಗೋವಾದ ಕನ್ನಡ ಶಾಲೆಯ ಮಾಸ್ತರರು ಯಾಕೆ ಬರೆಯುತ್ತಿದ್ದೀರಿ ಎಂದು ನೀವು ಕೇಳಬಹುದು. ಕಾರಣ ಇದೆ. ಈಗ ಇದೇ ಧಂದೆ ನಮ್ಮ ಕೇರಿಗೇ ಬಂದಿದೆ.

ನಮ್ಮ ಮಕ್ಕಳ ತಂದೆ-ತಾಯಿ ಯಾರೆಂದು ಈ ಪುಟ ಓದುವವರಿಗೆ ಹೇಳಬೇಕಾಗಿಲ್ಲ. ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ ಕಡೆಯಿಂದ ಬಂದು ಗೌಂಡಿ ಕೆಲಸ, ಸೆಂಟ್ರಿಂಗ್ ಕೆಲಸ, ಬಂದರಿನ ಹಮಾಲಿ ಮಾಡಿದವರು. 2011ರ ಜನಗಣತಿಯಲ್ಲಿ ಗೋವಾದ 14.58 ಲಕ್ಷ ಜನರಲ್ಲಿ ಶೇಕಡಾ 4.6ರಷ್ಟು ಮಂದಿಯ ಮಾತೃಭಾಷೆ ಕನ್ನಡ, ಅಂದರೆ 67 ಸಾವಿರದ ಆಸುಪಾಸು. ಇವರಲ್ಲಿ ಕೆಲವರು ಈಗ ಸ್ವಂತ ವ್ಯಾಪಾರಕ್ಕೆ ಇಳಿದಿದ್ದಾರೆ. ಖಾನಾವಳಿ, ಹೂವಿನ ಅಂಗಡಿ, ಗಾರೆ-ಟೈಲ್ಸ್ ಗುತ್ತಿಗೆ, ಬಾಡಿಗೆ ಟೆಂಪೊ, ಹೊಲಿಗೆ. ಮಗ ಹತ್ತನೆಯ ಇಯತ್ತೆ ಮುಗಿಸಿದ ಮೇಲೆ ಮೊದಲು ಹೇಳುವ ಮಾತು, "ಅಪ್ಪಾ, ಗೂಗಲ್‌ನ್ಯಾಗ ನಮ್ಮ ಅಂಗಡಿ ಬರಬೇಕು."

ಸರಿಯಾದ ಮಾತೇ. ಆದರೆ ಆಮೇಲೆ ಏನಾಗುತ್ತದೆ ನೋಡಿ.

ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿಯ ತಾಯಿ ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಮೊನ್ನೆ ಅವರು ಶಾಲೆಗೆ ಬಂದು ಫೋನು ಮುಂದೆ ಹಿಡಿದರು. "ಸರ್ರ, ಇದನ್ನ ಒಂದ್ಸಲ ನೋಡ್ರಿ. ಕನ್ನಡ ತಪ್ಪು ಏನರ ಐತೇನು?" ಯಾರೋ ಒಬ್ಬರು ದುಡ್ಡು ತೆಗೆದುಕೊಂಡು ಅವರ ವ್ಯಾಪಾರಕ್ಕೆ ಒಂದು ಪುಟ ಬರೆದುಕೊಟ್ಟಿದ್ದರು. "ನೀವು ಜೋಳದ ರೊಟ್ಟಿ ಗೋವಾ ಹುಡುಕುತ್ತಿದ್ದೀರಾ? ಉತ್ತಮ ಜೋಳದ ರೊಟ್ಟಿ ಗೋವಾ ನಮ್ಮ ಬಳಿ ಇದೆ. ಜೋಳದ ರೊಟ್ಟಿ ಗೋವಾ ಆರೋಗ್ಯಕ್ಕೆ ಒಳ್ಳೆಯದು..." ಹೀಗೇ ಸಾಗಿತ್ತು. ನಾವು ಎಣಿಸಿದೆವು, ಹದಿನೇಳು ಸಲ 'ಜೋಳದ ರೊಟ್ಟಿ ಗೋವಾ'! ರೊಟ್ಟಿಗೆ ಎಷ್ಟು ದರ, ಎಲ್ಲಿ ಸಿಗುತ್ತದೆ, ಯಾರಿಗೆ ಫೋನು ಮಾಡಬೇಕು, ಒಂದೂ ಇಲ್ಲ.

ವ್ಯಾಕರಣ ಕಲಿಸಿ ಹೊಟ್ಟೆ ಹೊರೆಯುವ ನಮಗೆ ಮೊದಲು ಕಣ್ಣಿಗೆ ಹೊಡೆದದ್ದು ವಿಭಕ್ತಿ ಪ್ರತ್ಯಯ. ಇಂಗ್ಲಿಷಿನಲ್ಲಿ ಊರಿನ ಹೆಸರು ವಾಕ್ಯದಲ್ಲಿ ಎಲ್ಲಿ ಬಂದರೂ ಹಾಗೇ ಇರುತ್ತದೆ. ಕನ್ನಡದಲ್ಲಿ ಹಾಗಲ್ಲ. ಗೋವಾದಲ್ಲಿ, ಗೋವಾಕ್ಕೆ, ಗೋವಾದಿಂದ, ಗೋವೆಯ. ಹೀಗೆ ನಮ್ಮ ಪದದ ಬಾಲ ಬದಲಾಗುತ್ತಲೇ ಇರುತ್ತದೆ. ಇಂಗ್ಲಿಷಿನ ಪಾಠ ಓದಿಕೊಂಡು ಬಂದವರು ಕೀವರ್ಡ್ ಕೆಡಬಾರದು ಎಂದು ಆ ಬಾಲವನ್ನೇ ಕತ್ತರಿಸುತ್ತಾರೆ. ಓದಿದವನಿಗೆ ಅದು ಕನ್ನಡ ಅಂತಲೇ ಅನ್ನಿಸುವುದಿಲ್ಲ. ಗಿರಾಕಿ ಎರಡು ಸಾಲು ಓದಿ ಫೋನು ಕೆಳಗಿಟ್ಟರೆ, ಮೊದಲ ಸ್ಥಾನ ಬಂದು ಏನು ಮಾಡುವುದು?

ಇನ್ನೊಂದು ತಮಾಷೆ. ಈ ತುಂಬುವ ವಿದ್ಯೆ ಹಳಸಲು. ಪುಟದ ಒಳಗೆ ಮರೆಯಲ್ಲಿ ಕೀವರ್ಡ್ ಪಟ್ಟಿ ಬರೆದಿಡುವ ಟ್ಯಾಗನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. 2011ರ ಫೆಬ್ರವರಿಯಲ್ಲಿ, ಹುಡುಕಾಟಕ್ಕೆಂದೇ ರಾಶಿಗಟ್ಟಲೆ ಬರೆಸಿದ ತೆಳು ಪುಟಗಳನ್ನು ಕೆಳಕ್ಕೆ ತಳ್ಳುವ ಬದಲಾವಣೆ ಮಾಡಿತು. ಅಮೆರಿಕದ ಹುಡುಕಾಟಗಳಲ್ಲಿ ಸುಮಾರು ಶೇ. 12ರ ಫಲಿತಾಂಶ ಅದರಿಂದ ಏರುಪೇರಾಯಿತು. 2024ರ ಮಾರ್ಚಿನಲ್ಲಿ ಇನ್ನೂ ಬಿಗಿ ಮಾಡಿತು: ರ‍್ಯಾಂಕಿಗಾಗಿಯೇ ಸಗಟಿನಲ್ಲಿ ತಯಾರಾದ ಬರಹವನ್ನು ಯಂತ್ರ ಬರೆದಿರಲಿ, ಮನುಷ್ಯನೇ ಬರೆದಿರಲಿ, ನಿಯಮ ಮುರಿದಂತೆ ಎಂದಿತು. ಇಷ್ಟೆಲ್ಲ ಆದ ಮೇಲೂ ನಮ್ಮ ಬಡ ವ್ಯಾಪಾರಿಗೆ ಆ ಹಳೆಯ ಮದ್ದನ್ನೇ ಮಾರುತ್ತಿದ್ದಾರೆ.

ನಾವು ಆ ತಾಯಿಯನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆವು. "ಅಕ್ಕಾರ, ಗಿರಾಕಿ ಫೋನ್ ಮಾಡಿದಾಗ ಏನೇನ್ ಕೇಳ್ತಾರ?" ಅವರು ಪಟಪಟ ಹೇಳಿದರು. ರೊಟ್ಟಿ ಎಷ್ಟು ದಿನ ಇರ್ತೈತಿ? ಮಳೆಗಾಲದಾಗ ಮೆತ್ತಗ ಆಗ್ತೈತೇನು? ಒಂದು ಕಟ್ಟಿನಾಗ ಎಷ್ಟು? ಎಳ್ಳು ಹಚ್ಚಿದ್ದು ಬೇರೆ ಸಿಗ್ತೈತೇನು? ಸಜ್ಜಿ ರೊಟ್ಟಿ ಯಾವಾಗ ಮಾಡ್ತೀರಿ? ಮದುವಿಗೆ ಐನೂರು ಬೇಕಂದ್ರ ಎಷ್ಟು ದಿನ ಮೊದಲು ಹೇಳಬೇಕು? ಶೇಂಗಾ ಚಟ್ನಿ ಸಂಗಾಟ ಕೊಡ್ತೀರೇನು?

ಇದೇ ಯೋಜನೆ! ಇದಕ್ಕಿಂತ ದೊಡ್ಡ ಪ್ಲ್ಯಾನಿಂಗ್ ಯಾವ ಏಜೆನ್ಸಿಯವರೂ ಮಾಡಿಕೊಡಲಾರರು. ಒಂದೊಂದು ಪ್ರಶ್ನೆಯೂ ಒಂದೊಂದು ಬರಹ. ಗಿರಾಕಿ ಕೇಳಿದ ಮಾತೇ ತಲೆಬರಹ. ಮೊದಲ ಎರಡು ಸಾಲಿನಲ್ಲಿ ನೇರ ಉತ್ತರ, ಆಮೇಲೆ ವಿವರ. ಗೋವಾದ ಮಳೆಗಾಲದ ತೇವಕ್ಕೆ ಖಡಕ್ ರೊಟ್ಟಿ ಮೆತ್ತಗಾಗುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಇಡಿ, ಮೆತ್ತಗಾದರೆ ಹಂಚಿನ ಮೇಲೆ ಒಂದು ಸಲ ಬಿಸಿ ಮಾಡಿ ಎಂದು ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡೆವು. ವಾಸ್ಕೋದಲ್ಲಿ ರೊಟ್ಟಿ ಮಾಡುವವರಿಗೆ ಮಾತ್ರ ಗೊತ್ತಿರುವ ಸಂಗತಿ ಅದು. ದೂರದ ಊರಿನಲ್ಲಿ ಕೂತು ಪದಕ್ಕಿಷ್ಟು ಎಂದು ಬರೆಯುವವರಿಗೆ ಎಲ್ಲಿಂದ ಬರಬೇಕು? ಕೊನೆಗೆ ದರ, ಫೋನು, ಕೇರಿಯ ಗುರುತು, ಬರೆದ ದಿನಾಂಕ. ದರ ಬದಲಾದ ದಿನ ಪುಟವನ್ನೂ ಬದಲಿಸಿ ಎಂದು ಮಗಳಿಗೆ ತಾಕೀತು ಮಾಡಿದೆವು.

ಮೊದಲ ಸ್ಥಾನ ಬಂತೇ? ಇಲ್ಲ, ಬಂದಿಲ್ಲ. ಆದರೆ ಫೋಂಡಾ ಕಡೆಯ ಒಬ್ಬ ಗುತ್ತಿಗೆದಾರರು ತಮ್ಮ ಕೆಲಸಗಾರರಿಗೆಂದು ಹುಡುಕಿ ಫೋನು ಮಾಡಿದರಂತೆ. ಆ ತಾಯಿಗೆ ಅಷ್ಟು ಸಾಕಾಗಿದೆ.

ಕನ್ನಡದಲ್ಲಿ ಬರೆಯುವವರಿಗೆ ಕೆಲವು ತೊಡಕುಗಳು ಬೇರೆಯೇ ಇವೆ. ಒಂದು, ಊರಿನ ಹೆಸರು. 2014ರ ನವೆಂಬರ್ 1ರಿಂದ ಬಿಜಾಪುರ ವಿಜಯಪುರವಾಯಿತು, ಗುಲಬರ್ಗಾ ಕಲಬುರಗಿಯಾಯಿತು. ಇಂಗ್ಲಿಷಿನ ಬೆಲ್ಗಾಂ ಕೂಡ ಬೆಳಗಾವಿ ಆಯಿತು. ಆದರೆ ನಮ್ಮ ಜನರ ಬಾಯಲ್ಲಿ, ಫೋನಿನಲ್ಲಿ ಇನ್ನೂ ಬಿಜಾಪುರವೇ. ಮಡಗಾಂವ, ಮಡಗಾವ್, ಮಾರ್ಗೋವಾ ಮೂರೂ ನಡೆಯುತ್ತವೆ. ಎರಡು ರೂಪವನ್ನೂ ವಾಕ್ಯದಲ್ಲಿ ಸಹಜವಾಗಿ ತನ್ನಿ, "ವಿಜಯಪುರ (ನಮ್ಮ ಹಳೆಯ ಬಿಜಾಪುರ)" ಎಂದರೆ ಯಾರಿಗೂ ಭಾರವಾಗುವುದಿಲ್ಲ. ಇನ್ನೊಂದು, ಅಕ್ಷರ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕೂಡಿಸಿಟ್ಟದ್ದನ್ನು ಹಾಗೇ ಅಂಟಿಸಿದರೆ ನಮಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ನಮ್ಮ ಶಾಲೆ-ಸಂಘಗಳ ಎಷ್ಟೋ ಹಳೆಯ ಬರಹ ಹೀಗೆ ಕಂಪ್ಯೂಟರಿನಲ್ಲಿದ್ದೂ ಕಾಣೆಯಾಗಿದೆ. ಮೂರನೆಯದು ಈಗಿನ ರೋಗ: ಏನು ಹೇಳಬೇಕಾದರೂ ಬಣ್ಣದ ಚಿತ್ರ ಮಾಡಿ ವಾಟ್ಸಾಪಿಗೆ ಬಿಡುವುದು. ನೋಡಲು ಚಂದ, ನಾಳೆ ಹುಡುಕಿದರೆ ಇಲ್ಲ. ಅದೇ ಮಾತನ್ನು ಅಕ್ಷರದಲ್ಲಿ ಕೂಡಿಸಲು ಹತ್ತು ನಿಮಿಷ ಸಾಕು.

ಈಗ ನಮ್ಮ ಹುಡುಗರ ವಿಷಯ. ಇದನ್ನು ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆವು. ನಮ್ಮ ಕೈಯಲ್ಲಿ ಅಕ್ಷರ ಕಲಿತ ಒಬ್ಬ ಈಗ ಇಂಥ ಪುಟಗಳನ್ನೇ ಬರೆದು ಮನೆ ನಡೆಸುತ್ತಾನೆ. ಬೋಗ್ಮಾಳೊ ಸಮುದ್ರದ ದಂಡೆ ಅವನ ಮನೆಯಿಂದ ಕೂಗಳತೆ ದೂರ. ಅವನು ಬರೆಯುವುದು ಮಾತ್ರ ತಾನು ಕಾಣದ ಮನಾಲಿಯ ಹೋಟೆಲುಗಳ ಬಗ್ಗೆ. "ಸರ್, ನೋಡದಿದ್ರೂ ನಡೀತದ, ಬೇರೆ ನಾಕು ಪುಟ ನೋಡಿ ಮಾತು ಬದಲಿಸಿದ್ರ ಆತು" ಎಂದ. ಅವನನ್ನು ಬೈಯುವ ಮನಸ್ಸು ನಮಗಿಲ್ಲ. ಸಂಬಳ ಪ್ರಾಮಾಣಿಕವಾಗಿ ದುಡಿದದ್ದೇ. ಆದರೆ ಅವನಿಗೆ ಕೆಲಸ ಕೊಡುವವರು ಅವನಿಂದ ಕೊಳ್ಳುತ್ತಿರುವುದು ಬರವಣಿಗೆಯಲ್ಲ, ನಕಲು. ಪರೀಕ್ಷೆಯಲ್ಲಿ ನಕಲು ಮಾಡಿದರೆ ಹಾಳೆ ಕಸಿದುಕೊಳ್ಳುವ ನಾವು ಇದಕ್ಕೆ ಏನೆನ್ನಬೇಕು?

ಆ ನಕಲು ತಿರುಗಿ ನಮ್ಮ ತರಗತಿಗೇ ಬರುತ್ತಿದೆ. 'ಪರಿಸರ ಸಂರಕ್ಷಣೆ' ಪ್ರಬಂಧ ಬರೆದು ತನ್ನಿ ಎಂದರೆ ಆರು ಮಕ್ಕಳು ಒಂದೇ ಪೀಠಿಕೆ, ಒಂದೇ ಉಪಸಂಹಾರ, ಒಂದೇ ಕಾಗುಣಿತದ ತಪ್ಪು ಹೊತ್ತು ತರುತ್ತಾರೆ. ಹುಡುಕಿದಾಗ ಮೊದಲು ಸಿಕ್ಕಿದ ಪುಟ ಅದು. ತಪ್ಪಿರುವ ಪುಟವೇ ಮೇಲೆ ಕೂತಿದೆ, ಯಾಕೆಂದರೆ ಅದು ಮೇಲೆ ಕೂರಲಿಕ್ಕೆಂದೇ ಹುಟ್ಟಿದ್ದು. ಸರಿಯಾಗಿ ಬರೆಯಬಲ್ಲ ನೂರಾರು ಶಿಕ್ಷಕರು ಬರೆದದ್ದನ್ನೆಲ್ಲ ನೋಟ್ಸ್ ಆಫ್ ಲೆಸನ್‌ನಲ್ಲಿ ಮುಚ್ಚಿಟ್ಟಿದ್ದೇವೆ. 2024ರ ಆಗಸ್ಟಿನಿಂದ ಭಾರತದಲ್ಲೂ ಗೂಗಲ್ ಯಂತ್ರ ಬುದ್ಧಿಯಿಂದ ಉತ್ತರ ಕಟ್ಟಿಕೊಡಲು ತೊಡಗಿದೆ, ಮೊದಲು ಇಂಗ್ಲಿಷ್, ಹಿಂದಿಯಲ್ಲಿ. ಆ ಉತ್ತರಕ್ಕೂ ಹಿಟ್ಟು ಇಂಥ ಪುಟಗಳೇ. ಹಿಟ್ಟು ಹಳಸಿದ್ದರೆ ರೊಟ್ಟಿ ಎಂಥದಾದೀತು?

ಇನ್ನು ನಮ್ಮ ಶಾಲೆಗಳನ್ನೇ ನೋಡಿ. ಗೋವಾಕ್ಕೆ ಹೊಸದಾಗಿ ಬಂದ ತಂದೆಯೊಬ್ಬ "ಇಲ್ಲಿ ಕನ್ನಡ ಶಾಲೆ ಎಲ್ಲಿದೆ" ಎಂದು ಫೋನಿಗೆ ಕೇಳುತ್ತಾನೆ. ಎಷ್ಟೋ ಸಲ ಸಿಗುವುದು ಯಾರೋ ಊರೂರಿನ ಶಾಲೆಗಳ ಹೆಸರು ರಾಶಿ ಹಾಕಿ ಜಾಹೀರಾತಿಗೆಂದು ಮಾಡಿದ ಪುಟ. ಅಂಥ ಒಂದು ಪುಟದಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಮಾಧ್ಯಮ ಇಂಗ್ಲಿಷ್ ಎಂದು ಬರೆದಿದ್ದನ್ನು ನಾವೇ ಕಂಡಿದ್ದೇವೆ. ಅದನ್ನು ನಂಬಿದ ತಂದೆ ಮಗುವನ್ನು ಕರೆದುಕೊಂಡು ಬೇರೆ ಕಡೆ ಹೋಗುತ್ತಾನೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಿಮೆ. ಮಕ್ಕಳ ಸಂಖ್ಯೆ ಇಳಿದರೆ ಗಡಿಯಾಚೆಯ ಕನ್ನಡ ಶಾಲೆಗೆ ಏನಾಗುತ್ತದೆ ಎಂಬುದು ಕಾಸರಗೋಡು, ಜತ್ತ, ಅಕ್ಕಲಕೋಟೆ, ತಾಳವಾಡಿಯ ಮಿತ್ರರಿಗೆ ನಾವು ಹೇಳಿಕೊಡಬೇಕೇ?

ರೊಟ್ಟಿಯ ತಾಯಿಗೆ ಹೇಳಿದ್ದೇ ಶಾಲೆಗೂ ಆಗುತ್ತದೆ. ದಾಖಲಾತಿಯ ದಿನಗಳಲ್ಲಿ ಪಾಲಕರು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳನ್ನು ನಮ್ಮ ಸಹೋದ್ಯೋಗಿಗಳು ಒಂದು ವಹಿಯಲ್ಲಿ ಬರೆದಿಡಲು ಶುರು ಮಾಡಿದ್ದಾರೆ. ಇಲ್ಲಿಯವರೆಗೆ ಹನ್ನೊಂದು ಆಗಿವೆ. ಊರಿಂದ ಟಿ.ಸಿ. ತರದಿದ್ದರೆ ಸೇರಿಸಿಕೊಳ್ಳುತ್ತೀರಾ, ಕೊಂಕಣಿ ಬಾರದ ಮಗುವಿಗೆ ತೊಂದರೆಯೇ, ನಾಲ್ಕನೆಯ ಇಯತ್ತೆ ಆದ ಮೇಲೆ ಮುಂದೆಲ್ಲಿ, ಸುಗ್ಗಿಗೆ ಊರಿಗೆ ಹೋದರೆ ಹೆಸರು ತೆಗೆಯುತ್ತೀರಾ... ಮುಖ್ಯೋಪಾಧ್ಯಾಯರು ಒಪ್ಪಿದ ಉತ್ತರಗಳನ್ನು ಒಂದೊಂದಾಗಿ ಬರೆಯುತ್ತೇವೆ. ಮೊದಲು ಟಿ.ಸಿ.ಯದ್ದು. ನಿಮ್ಮ ಶಾಲೆಯ ಬಾಗಿಲಲ್ಲಿ ಕೇಳುವ ಪ್ರಶ್ನೆ ಬೇರೆ ಇದ್ದರೆ ಬರೆದು ತಿಳಿಸಿ.