ಹೆಸರಿನ ನಡುವಿನ ಖಾಲಿ ಜಾಗ ತಪ್ಪಲ್ಲ

‘ಫೈಲಿನ ಹೆಸರಿನಲ್ಲಿ ಸ್ಪೇಸ್ ಬಿಡಬೇಡಿ’ ಎಂಬ ಮಾತನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ನಾವೆಲ್ಲ ಕೇಳಿದ್ದೇವೆ. ಈ ಸಲಹೆ ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ. ಎಚ್ಚರ ವಹಿಸಬೇಕಾದವರು ಹೆಸರಿಟ್ಟವರಲ್ಲ, ಸ್ಕ್ರಿಪ್ಟ್ ಬರೆಯುವವರು.

ಲಿನಕ್ಸ್‌ನ ಬ್ಯಾಶ್ ಶೆಲ್ ನಾವು ಕೊಟ್ಟ ಕಮಾಂಡನ್ನು ಸ್ಪೇಸ್ ಇದ್ದಲ್ಲಿ ತುಂಡು ಮಾಡಿ ಓದುತ್ತದೆ. ‘ಹಳೆಯ ಫೋಟೋ’ ಎಂಬ ಫೋಲ್ಡರನ್ನು ಅಳಿಸಬೇಕು ಎಂದುಕೊಳ್ಳಿ. ಆ ಹೆಸರನ್ನು ವೇರಿಯಬಲ್‌ನಲ್ಲಿಟ್ಟು, ಕೋಟ್ಸ್ ಹಾಕದೆ ಅಳಿಸುವ ಕಮಾಂಡಿಗೆ ಕೊಟ್ಟರೆ ಅದಕ್ಕೆ ಸಿಗುವುದು ‘ಹಳೆಯ’ ಮತ್ತು ‘ಫೋಟೋ’ ಎಂಬ ಎರಡು ಹೆಸರು. ಪಕ್ಕದಲ್ಲಿ ‘ಫೋಟೋ’ ಎಂಬ ಬೇರೆ ಫೋಲ್ಡರ್ ಇದ್ದರೆ ಬೇಕಾದದ್ದು ಅಳಿಸಿಹೋಗಿ, ಬೇಡವಾದದ್ದು ಉಳಿಯುತ್ತದೆ!

ಇದು ಬರೀ ಊಹೆಯಲ್ಲ. 2001ರ ನವೆಂಬರ್‌ನಲ್ಲಿ ಬಂದ ಆ್ಯಪಲ್‌ನ ಐಟ್ಯೂನ್ಸ್ 2.0 ಇನ್‌ಸ್ಟಾಲರ್‌ನಲ್ಲಿ ಇಂಥದೇ ದೋಷವಿತ್ತು. ಡ್ರೈವಿನ ಹೆಸರಿನಲ್ಲಿ ಸ್ಪೇಸ್ ಇಟ್ಟಿದ್ದ ಕೆಲವರ ಕಡತಗಳು ಅಳಿಸಿಹೋದವು. ಕಂಪನಿ ಅದನ್ನು ಹಿಂತೆಗೆದುಕೊಂಡು 2.0.1 ಬಿಡುಗಡೆ ಮಾಡಿತು. ಅಲ್ಲಿ ಕೊರತೆಯಾಗಿದ್ದು ಕೆಲವು ಕೋಟ್ಸ್ ಚಿಹ್ನೆಗಳು ಮಾತ್ರ.

‘ಅಂಡರ್‌ಸ್ಕೋರ್ ಹಾಕಿದರೆ ಮುಗಿಯಿತಲ್ಲ’ ಎಂದು ಗೆಳೆಯರು ಹೇಳುತ್ತಾರೆ. ನಮ್ಮದೇ ಫೈಲಾದರೆ ಸರಿ. ಆದರೆ ವಾಟ್ಸ್‌ಆ್ಯಪ್ ವೆಬ್‌ನಿಂದ ಇಳಿಸಿದ ಚಿತ್ರದ ಹೆಸರಿನಲ್ಲೇ ಸ್ಪೇಸ್ ಇರುತ್ತದೆ. ವಿಂಡೋಸ್‌ನ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನಲ್ಲೂ ಇದೆ. ನಮ್ಮಲ್ಲಿ ಅನೇಕರ ಹೆಸರೇ ಎರಡು, ಮೂರು ಪದಗಳದ್ದು. ಸ್ಕ್ಯಾನ್ ಮಾಡಿದ ಅಂಕಪಟ್ಟಿಗೆ ಹೆಸರಿಡುವಾಗ ಯಾರಾದರೂ ತಮ್ಮ ಹೆಸರನ್ನು ಬರೆಯುವ ಹಾಗೆಯೇ ಬರೆಯುತ್ತಾರೆ. ಅಂಥ ಅಂಕಪಟ್ಟಿ ಬ್ಯಾಕಪ್‌ನಲ್ಲಿ ಸೇರದೆ ಹೋದರೆ, ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ಓಡಾಡಬೇಕಾದವರು ಆ ವಿದ್ಯಾರ್ಥಿಯೇ ಹೊರತು ಸ್ಕ್ರಿಪ್ಟ್ ಬರೆದವರಲ್ಲ.

ಪರಿಹಾರ ಕಷ್ಟದ್ದಲ್ಲ. ಫೈಲಿನ ಹೆಸರಿರುವ ವೇರಿಯಬಲ್ ಬಳಸುವ ಕಡೆಯಲ್ಲೆಲ್ಲ ಅದರ ಸುತ್ತ ಡಬಲ್ ಕೋಟ್ಸ್ ಹಾಕಿ. ಸಿಂಗಲ್ ಕೋಟ್ಸ್ ಹಾಕಿದರೆ ವೇರಿಯಬಲ್‌ನ ಬೆಲೆ ಸಿಗುವುದಿಲ್ಲ. ಲೂಪ್ ಬರೆಯುವಾಗ ಎಲ್‌ಎಸ್ ಕಮಾಂಡಿನ ಪಟ್ಟಿಯನ್ನು ನಂಬದೆ ನಕ್ಷತ್ರ ಚಿಹ್ನೆ ಬಳಸಿ. ಅದು ಪ್ರತಿ ಹೆಸರನ್ನೂ ಇಡಿಯಾಗಿ ಕೊಡುತ್ತದೆ. ಶೆಲ್‌ಚೆಕ್ ಎಂಬ ಉಚಿತ ತಂತ್ರಾಂಶ ಕೋಟ್ಸ್ ಬಿಟ್ಟುಹೋದ ಜಾಗವನ್ನು ತೋರಿಸಿಕೊಡುತ್ತದೆ.

ಲ್ಯಾಬಿನ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ಅಭ್ಯಾಸಕ್ಕೆ ಕೊಡುವ ಫೈಲುಗಳಲ್ಲಿ ಒಂದರ ಹೆಸರಿನಲ್ಲಾದರೂ ಬೇಕೆಂದೇ ಸ್ಪೇಸ್ ಇಡಿ. ಆ ಫೈಲನ್ನೂ ಸರಿಯಾಗಿ ನಕಲು ಮಾಡಿದ ಸ್ಕ್ರಿಪ್ಟಿಗೆ ಮಾತ್ರ ಪೂರ್ಣ ಅಂಕ ಕೊಡಿ.